ಚಿಮಣಿ, ಗಾಜಿನ ಬಾಗಿಲು ಇರೋ ಸೌದೆ ಒಲೆ ಹಚ್ಚೋದು ಕೆಳಗಿಂದಾನಾ, ಮೇಲಿಂದಾನಾ?

ಕೆಳಗೆ ಪೇಪರ್ ಉಂಡೆ, ಮೇಲೆ ಪುಳ್ಳೆ, ಅದರ ಮೇಲೆ ಸೌದೆ, ಇದು ಎಲ್ರಿಗೂ ಗೊತ್ತಿರೋದೇ, ಬೇಗ ಹತ್ಕೊಳ್ಳುತ್ತೆ ನಿಜ, ಆದ್ರೆ ಪುಳ್ಳೆ ಉರಿದು ಕುಸಿದ್ರೆ ಸೌದೆ ಬೆಂಕಿ ಮೇಲೇ ಬಿದ್ದು ಬರೀ ಹೊಗೆ, ಮತ್ತೆ ಊದ್ತಾ ಕೂರ್ಬೇಕು.

ಉಲ್ಟಾ ಮಾಡಿ ನೋಡಿ. ದಪ್ಪ ಸೌದೆ ತಳಕ್ಕೆ, ಪುಳ್ಳೆ ಅಡ್ಡಡ್ಡ ಜೋಡಿಸಿ ಮೇಲೆ, ಗಾಳಿಕಿಂಡಿ ಪೂರ್ತಿ ತೆಗೆದು ಮೇಲ್ತುದೀಗೆ ಕಡ್ಡಿ ಗೀರಿ. ಕೆಳಗಿನ ಸೌದೆ ಬಿಡೋ ಹೊಗೆ ಮೇಲಿನ ಉರಿಯಲ್ಲಿ ಹಾದು ಸುಟ್ಟೋಗುತ್ತೆ, ಚಿಮಣಿನೂ ಬೇಗ ಬಿಸಿಯಾಗಿ ಎಳೆಯುತ್ತೆ, ಬಾಗಿಲ ಗಾಜಿಗೆ ಮಸಿ ಕಮ್ಮಿ. ಶುರುವಲ್ಲಿ ನಿಧಾನ, ಅದೊಂದೇ ತಕರಾರು.

ಫೈರ್‌ಲೈಟರ್ (ಬೆಂಕಿ ಹೊತ್ತಿಸೋಕೆ ಅಂತಾನೇ ಅಂಗಡೀಲಿ ಸಿಗೋ ತುಂಡು) ಪೇಪರ್‌ಗಿಂತ ಜಾಸ್ತಿ ಹೊತ್ತು ಉರಿಯುತ್ತೆ, ದುಡ್ಡು ಖರ್ಚು ಅಷ್ಟೆ. ಪೆಟ್ರೋಲ್ ಸುರಿಯೋದಂತೂ ಲೆಕ್ಕಕ್ಕೇ ಬೇಡ, ಆವಿ ಭಗ್ ಅಂತ ಮುಖಕ್ಕೇ ಹೊಡೆಯುತ್ತೆ.

ದಿನಾ ಹಚ್ಚೋರಾದ್ರೆ ಮೇಲಿಂದ ಹಚ್ಚೋದೇ ವಾಸಿ ಅಂತೀನಿ, ಸೌದೆ ಮಾತ್ರ ಒಣಗಿರ್ಬೇಕು, ತೇವ 20% ಒಳಗೆ.