ಸಣ್ಣ ವ್ಯಾಪಾರಕ್ಕೆ ಸ್ವಂತ ಡೊಮೇನ್ ಮತ್ತು ವರ್ಡ್‌ಪ್ರೆಸ್: ವರ್ಷಗಳ ಬಳಕೆಯ ನಂತರದ ವಿಮರ್ಶೆ

ಫೇಸ್‌ಬುಕ್ ಪೇಜ್ ಇದೆ, ವಾಟ್ಸ್ಆ್ಯಪ್ ಇದೆ, ಮತ್ತೆ ವೆಬ್‌ಸೈಟ್ ಯಾಕೆ? ಬೇರೆಯವರ ಜಾಗ ನಂಬಿದರೆ ಅವರು ನಿಲ್ಲಿಸಿದ ದಿನ ನಮ್ಮದೂ ನಿಲ್ಲುತ್ತದೆ: ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್‌ನಲ್ಲಿ ಕಾಣುವ ಅಂಗಡಿಯ ವಿವರಪುಟ) ಜೊತೆ ಉಚಿತವಾಗಿ ಸಿಗುತ್ತಿದ್ದ ವೆಬ್‌ಸೈಟ್‌ಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಹಳೆಯ ಲಿಂಕ್‌ಗಳು ಜೂನ್ 10ರವರೆಗೆ ಪ್ರೊಫೈಲ್‌ಗೆ ಹೋಗುತ್ತಿದ್ದವು, ಆಮೇಲೆ ಅದೂ ಇಲ್ಲ. ಆ ವಿಳಾಸವನ್ನು ಬೋರ್ಡು, ಬಿಲ್ಲುಗಳಲ್ಲಿ ಅಚ್ಚು ಹಾಕಿಸಿದವರಿಗೆ ಉಳಿದದ್ದೇನು? ಸ್ವಂತ ಡೊಮೇನ್ (ತಮ್ಮದೇ ಹೆಸರಿನ ವೆಬ್ ವಿಳಾಸ) ಇದ್ದವರು ಮಾತ್ರ ಸೈಟನ್ನು ಬೇರೆ ಕಡೆ ಕಟ್ಟಿ, ಅದೇ ವಿಳಾಸದಲ್ಲಿ ಮುಂದುವರಿಯಬಹುದಿತ್ತು.

ಹಾಗಾಗಿ ಡಿಸೈನ್ ನೋಡುವ ಮೊದಲು ಡೊಮೇನ್ ಯಾರ ಹೆಸರಿನಲ್ಲಿದೆ ಎಂದು ನೋಡಿ. ಸೈಟ್ ಮಾಡಿಕೊಟ್ಟವರು ತಮ್ಮದೇ ಖಾತೆಯಲ್ಲಿ ನೋಂದಾಯಿಸಿದ್ದರೆ ಅದು ನಿಮ್ಮದಲ್ಲ. ನೋಂದಣಿಗೆ ಕೊಡುವ ಇಮೇಲ್ ಅದೇ ಡೊಮೇನ್‌ನದ್ದಾಗಿರಬಾರದು. ಅವಧಿ ಮುಗಿದು ಡೊಮೇನ್ ನಿಂತರೆ ಮೇಲ್ ಕೂಡ ನಿಲ್ಲುತ್ತದೆ, ನವೀಕರಣದ ಎಚ್ಚರಿಕೆಯೇ ತಲುಪುವುದಿಲ್ಲ. ಡಾಟ್ ಕಾಮ್‌ನಲ್ಲಿ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸುವ ಸಂಸ್ಥೆ) ಹೆಚ್ಚೆಂದರೆ 45 ದಿನ ಕಾಯಬಹುದು. ಅಳಿಸಿದ ಮೇಲೆ 30 ದಿನಗಳ ಒಳಗೆ ದುಬಾರಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳಬೇಕು. ಅದೂ ಮುಗಿದ ಮೇಲಿನ 5 ದಿನ ಯಾರೂ ಏನೂ ಮಾಡಲಾಗದು, ನಂತರ ಹೆಸರು ಕೇಳಿದವರ ಪಾಲು.

ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ಗೆ ನಾನು ಕೊಡುವುದು 5ಕ್ಕೆ 4. ಒಂದು ಅಂಕ ಕಳೆದದ್ದು ಮುಖ್ಯವಾಗಿ ಸಂಪರ್ಕ ಫಾರ್ಮ್‌ನಿಂದಾಗಿ. ಇದು ಸದ್ದಿಲ್ಲದೆ ಕೆಡುತ್ತದೆ: ಗ್ರಾಹಕರಿಗೆ ‘ಸಂದೇಶ ಕಳುಹಿಸಲಾಗಿದೆ’ ಎಂದು ಕಾಣುತ್ತದೆ, ನಿಮಗೆ ಏನೂ ಬರುವುದಿಲ್ಲ. ವರ್ಡ್‌ಪ್ರೆಸ್ ತಾನಾಗಿ ಪಿಎಚ್‌ಪಿ (ಸರ್ವರ್‌ನಲ್ಲಿ ಅದು ಓಡುವ ಭಾಷೆ) ಮೂಲಕ ಮೇಲ್ ಕಳಿಸುತ್ತದೆ. ಆ ಮೇಲ್ ನಿಮ್ಮ ಡೊಮೇನ್‌ನದ್ದೇ ಎನ್ನಲು ಪುರಾವೆ ಇಲ್ಲದಿದ್ದರೆ ಜಿಮೇಲ್ ಅದನ್ನು ಸ್ಪ್ಯಾಮ್‌ಗೆ ಹಾಕುತ್ತದೆ ಅಥವಾ ತಿರಸ್ಕರಿಸುತ್ತದೆ. ಎಸ್‌ಎಂಟಿಪಿ ಪ್ಲಗಿನ್ (ಮೇಲ್ ಸೇವೆಯ ಖಾತೆ ಮೂಲಕ ಕಳಿಸುವ ಹೆಚ್ಚುವರಿ ತಂತ್ರಾಂಶ) ಹಾಕಿ, ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ಸೈಟ್, ಮೇಲ್ ಎಲ್ಲಿವೆ ಎಂದು ಹೇಳುವ ದಾಖಲೆಗಳು) ಎಸ್‌ಪಿಎಫ್ (ನಿಮ್ಮ ಹೆಸರಿನಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಎಂಬ ಪಟ್ಟಿ), ಡಿಕೆಐಎಂ (ಮೇಲ್‌ನ ಡಿಜಿಟಲ್ ಸಹಿ ಪರೀಕ್ಷಿಸುವ ಕೀಲಿ) ದಾಖಲೆಗಳನ್ನು ಸೇರಿಸಿ. ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಎರಡಿದ್ದರೆ ಪರೀಕ್ಷೆಯೇ ವಿಫಲವಾಗುತ್ತದೆ, ಹೊಸ ಮೇಲ್ ಸೇವೆ ಸೇರಿಸುವಾಗ ಬಹಳ ಜನ ಎಡವುವುದು ಇಲ್ಲೇ. ಮೇಲ್‌ನ ‘ಇಂದ’ (From) ವಿಳಾಸ ನಿಮ್ಮ ಡೊಮೇನ್‌ನದ್ದಿರಲಿ, ಗ್ರಾಹಕರ ವಿಳಾಸ ‘ರಿಪ್ಲೈ ಟು’ನಲ್ಲಿ (ಉತ್ತರ ಹೋಗುವ ವಿಳಾಸ) ಹೋಗಲಿ. ಬಂದ ಸಂದೇಶಗಳು ಡೇಟಾಬೇಸ್‌ನಲ್ಲೂ (ಸೈಟಿನ ಮಾಹಿತಿಯ ಸಂಗ್ರಹ) ಉಳಿಯುವಂಥ ಫಾರ್ಮ್ ಪ್ಲಗಿನ್ ಆರಿಸಿ. ತಿಂಗಳಿಗೊಮ್ಮೆ ನೀವೇ ನಿಮ್ಮ ಡೊಮೇನ್‌ನದ್ದಲ್ಲದ ಇಮೇಲ್ ಕೊಟ್ಟು ಫಾರ್ಮ್ ತುಂಬಿ ನೋಡಿ.

ನಿರ್ವಹಣೆ ಕಷ್ಟವಲ್ಲ, ಆದರೆ ತಪ್ಪಿಸುವಂತಿಲ್ಲ. ಮೊದಲು ಬ್ಯಾಕಪ್, ಆಮೇಲೆ ಅಪ್‌ಡೇಟ್. ಬ್ಯಾಕಪ್ ಎಂದರೆ ಫೈಲ್‌ಗಳೂ ಬೇಕು, ಡೇಟಾಬೇಸೂ ಬೇಕು, ಎರಡೂ ಸೈಟ್ ಇರುವ ಹೋಸ್ಟಿಂಗ್ ಸರ್ವರ್‌ನ ಹೊರಗಿರಬೇಕು. ಬೇಡದ ಪ್ಲಗಿನ್ ನಿಷ್ಕ್ರಿಯಗೊಳಿಸಿದರೆ ಸಾಲದು. ಅದರ ಕೋಡ್ ಸರ್ವರ್‌ನಲ್ಲೇ ಉಳಿಯುತ್ತದೆ, ದೋಷವಿದ್ದರೆ ದಾಳಿಗೆ ದಾರಿಯಾಗಬಹುದು. ಅಳಿಸಿಬಿಡಿ. ಇದಕ್ಕೆಲ್ಲ ಸಮಯ ಕೊಡಲು ಯಾರೂ ಇಲ್ಲವೆಂದರೆ ತಿಂಗಳ ಚಂದಾದ ವೆಬ್‌ಸೈಟ್ ಬಿಲ್ಡರ್ ಸೇವೆಯೇ ವಾಸಿ, ಡೊಮೇನ್ ಮಾತ್ರ ನಿಮ್ಮ ಪ್ರತ್ಯೇಕ ಖಾತೆಯಲ್ಲಿರಲಿ.

ವೇಗ ಕೆಡಿಸುವುದು ಹೆಚ್ಚಾಗಿ ಫೋಟೊಗಳು. ಫೋನಿನಿಂದ ತೆಗೆದ 4–5 ಎಂಬಿ ಚಿತ್ರವನ್ನು ನೇರ ಏರಿಸಬೇಡಿ. ಅಗಲ 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರ ಮಾದರಿಯಲ್ಲಿ ಉಳಿಸಿದರೆ ಸಾಮಾನ್ಯವಾಗಿ ಕೆಲವು ನೂರು ಕೆಬಿಗೆ ಬರುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್‌ನ ಅಳತೆ. ದರಪಟ್ಟಿ, ವೇಳೆ, ಫೋನ್ ನಂಬರ್ ಚಿತ್ರದೊಳಗೆ ಬೇಡ, ಅಕ್ಷರದಲ್ಲೇ ಇರಲಿ. ನಂಬರ್ ಒತ್ತಿದರೆ ಕರೆ ಹೋಗಬೇಕು.

ಡೊಮೇನ್ ಈಗಾಗಲೇ ಬೇರೆಯವರ ಖಾತೆಯಲ್ಲಿದ್ದರೆ, ಸಂಬಂಧ ಚೆನ್ನಾಗಿರುವಾಗಲೇ ವರ್ಗಾವಣೆ ಕೇಳಿ. ಅವರು ವರ್ಗಾವಣೆ ತಡೆಯುವ ಲಾಕ್ ತೆಗೆದು ದೃಢೀಕರಣ ಕೋಡ್ ಕೊಡಬೇಕು. ಹೊಸದಾಗಿ ನೋಂದಾಯಿಸಿದ ಡಾಟ್ ಕಾಮ್ ಆದರೆ ಮೊದಲ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಹಳೆಯ ಹೋಸ್ಟಿಂಗ್ ರದ್ದು ಮಾಡುವ ಮೊದಲು ಡಿಎನ್‌ಎಸ್ ದಾಖಲೆಗಳನ್ನೆಲ್ಲ ನಕಲು ಮಾಡಿಟ್ಟುಕೊಳ್ಳಿ, ಮುಖ್ಯವಾಗಿ ಬಂದ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಎಂದು ಹೇಳುವ ಎಂಎಕ್ಸ್ ದಾಖಲೆ. ಅದು ಬಿಟ್ಟುಹೋದರೆ ಸೈಟ್ ತೆರೆಯುತ್ತದೆ, ಇಮೇಲ್ ಬರುವುದಿಲ್ಲ.