ಮನೆಯ ಫೋಟೋಗಳಿಗೆ ಇಮ್ಮಿಚ್ಚೋ, ಫೋಟೋಪ್ರಿಸಂಮೋ?

ಮನೆಯವರ ಫೋಟೋ, ವಿಡಿಯೋಗಳನ್ನು ಮನೆಯದೇ ಕಂಪ್ಯೂಟರಿನಲ್ಲಿ, ಅಂದರೆ ಸ್ವಂತ ಸರ್ವರಿನಲ್ಲಿ, ಕೂಡಿಟ್ಟು ನೋಡಲು ಇರುವ ಎರಡು ತಂತ್ರಾಂಶ ಇವು. ಮೊದಲೇ ಹೇಳಿಬಿಡುತ್ತೇನೆ, ಕಲಬುರಗಿಯ ನಮ್ಮ ಮನೆಯಲ್ಲಿ ಕೊನೆಗೆ ಉಳಿದದ್ದು ಇಮ್ಮಿಚ್. ಫೋಟೋಪ್ರಿಸಂ ಕೂಡ ಒಳ್ಳೆಯದೇ, ಆದರೆ ಅದು ಬೇರೆ ಥರದ ಮನೆಗೆ. ಎರಡನ್ನೂ ಡಾಕರ್‌ನಲ್ಲಿ (ತಂತ್ರಾಂಶಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟಂತೆ ನಡೆಸುವ ಸಾಧನ), ಒಂದೇ ಮಿನಿ ಪಿಸಿ ಮೇಲೆ, ಅದೇ ಫೋಟೋ ರಾಶಿ ಕೊಟ್ಟು ನಡೆಸಿ ನೋಡಿದ್ದೇನೆ.

ದೊಡ್ಡ ವ್ಯತ್ಯಾಸ ಇರುವುದು ಫೋನಿನಲ್ಲಿ. ಶರಣಬಸವೇಶ್ವರ ಜಾತ್ರೆಯಲ್ಲಿ ಅವ್ವ ತೇರಿನ ವಿಡಿಯೋ ಮಾಡುತ್ತಾಳೆ. ಮನೆಗೆ ಬಂದು ಫೋನು ವೈಫೈಗೆ ಸೇರಿದರೆ ಸಾಕು, ಇಮ್ಮಿಚ್ ಆ್ಯಪ್ ತಾನೇ ಅದನ್ನು ಸರ್ವರ್‌ಗೆ ಕಳಿಸುತ್ತದೆ. ಅವ್ವ ಏನೂ ಒತ್ತಬೇಕಿಲ್ಲ. ಫೋಟೋಪ್ರಿಸಂಗೆ ಇಂಥ ಸ್ವಂತ ಆ್ಯಪ್ ಇಲ್ಲ. ಫೋಟೋಸಿಂಕ್‌ನಂಥ ಬೇರೆ ಆ್ಯಪ್ ಹಾಕಿ, ಅದಕ್ಕೆ ವೆಬ್‌ಡ್ಯಾವ್ (ನೆಟ್‌ವರ್ಕ್ ಮೂಲಕ ಫೈಲು ಕಳಿಸುವ ವಿಧಾನ) ವಿಳಾಸ, ಪಾಸ್‌ವರ್ಡ್ ಎಲ್ಲ ತುಂಬಬೇಕು. ನನಗದು ಕಷ್ಟವಲ್ಲ. ಆದರೆ ಮನೆಯವರು ಫೋನು ಬದಲಿಸಿದಾಗೆಲ್ಲ ನಾನೇ ಹೋಗಿ ಕೂರಬೇಕು ಅಂದರೆ ಅದು ಮನೆಯ ವ್ಯವಸ್ಥೆ ಆಗುವುದಿಲ್ಲ, ಅಲ್ವಾ? ಇಮ್ಮಿಚ್‌ನಲ್ಲೂ ಒಂದು ಕೆಲಸ ಇದೆ: ಕೆಲವು ಆಂಡ್ರಾಯ್ಡ್ ಫೋನುಗಳ ಬ್ಯಾಟರಿ ಸೇವರ್ ಅದನ್ನು ನಿಲ್ಲಿಸಿಬಿಡುತ್ತದೆ. ಆ ಆ್ಯಪ್‌ಗೆ ಮಾತ್ರ ವಿನಾಯಿತಿ ಕೊಟ್ಟರೆ ಸರಿಹೋಗುತ್ತದೆ.

ಇಮ್ಮಿಚ್‌ನಲ್ಲಿ ಎಲ್ಲರಿಗೂ ಬೇರೆ ಬೇರೆ ಖಾತೆ, ಅವರವರ ಫೋಟೋ ಅವರವರಿಗೆ. ಬೇಕಾದ ಆಲ್ಬಂ ಮಾತ್ರ ಹಂಚಿಕೊಳ್ಳಬಹುದು. ಮುಖ ಗುರುತಿಸುವುದು ಎರಡರಲ್ಲೂ ಇದೆ, ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಚಿತ್ರದಲ್ಲಿ ಏನಿದೆ ಅಂತ ಹುಡುಕುವಾಗ ಇಮ್ಮಿಚ್‌ಗೆ ಮೊದಲಿಂದ ಬರುವ ಎಐ ಮಾಡೆಲ್ ಇಂಗ್ಲಿಷಿನದು. ಬಹುಭಾಷೆಯ ಮಾಡೆಲ್ ಹಾಕಿದರೆ ರ‍್ಯಾಮ್ ಜಾಸ್ತಿ ಬೇಕು.

ಫೋಟೋಪ್ರಿಸಂ ಗೆಲ್ಲುವುದು ಹಳೆಯ ಸಂಗ್ರಹದಲ್ಲಿ. ಅಪ್ಪ ಸ್ಕ್ಯಾನ್ ಮಾಡಿಸಿಟ್ಟ ಫೋಲ್ಡರುಗಳಿವೆ: ಬೀದರ್ ಕೋಟೆ, ಗಾಣಗಾಪುರ, ಸನ್ನತಿ ಹೀಗೆ ಊರೂರಿನ ಹೆಸರಲ್ಲಿ. ಫೋಟೋಪ್ರಿಸಂ ಆ ಜೋಡಣೆಯನ್ನು ಮುಟ್ಟದೆ, ಇದ್ದಲ್ಲೇ ಓದಿಕೊಂಡು ತೋರಿಸುತ್ತದೆ. ನಾವು ಸೇರಿಸಿದ ವಿವರಗಳನ್ನು ಯಾಮಲ್ ಎಂಬ ಸಾದಾ ಪಠ್ಯದ ಫೈಲುಗಳಲ್ಲೂ ಬರೆದಿಡುತ್ತದೆ, ನಾಳೆ ಡೇಟಾಬೇಸ್ (ತಂತ್ರಾಂಶ ಇಟ್ಟುಕೊಳ್ಳುವ ವಿವರಗಳ ದಾಖಲೆ) ಹೋದರೂ ವಿವರ ಉಳಿಯುತ್ತದೆ. ಇಮ್ಮಿಚ್‌ನಲ್ಲೂ ಹೀಗೆ ಇದ್ದಲ್ಲೇ ಓದಲು ಎಕ್ಸ್‌ಟರ್ನಲ್ ಲೈಬ್ರರಿ ಅಂತ ಇದೆ, ಆದರೆ ಫೋಲ್ಡರ್ ಹಿಡಿದು ನೋಡುವವರಿಗೆ ಫೋಟೋಪ್ರಿಸಂ ಹೆಚ್ಚು ಹಿತ. ಮನೆಯಲ್ಲಿ ಒಬ್ಬರೇ ಫೋಟೋ ನೋಡಿಕೊಳ್ಳುವವರು, ಕ್ಯಾಮೆರಾದಿಂದ ತಾವೇ ತುಂಬುವವರು ಆದರೆ ನಾನು ಅದನ್ನೇ ಹೇಳುತ್ತೇನೆ.

2025ರ ಅಕ್ಟೋಬರ್‌ಗೆ ಮುಂಚೆ ಇಮ್ಮಿಚ್ ಇನ್ನೂ ಸ್ಥಿರ ಆವೃತ್ತಿ ಅಲ್ಲ ಅಂತ ಅದನ್ನು ಮಾಡಿದವರೇ ಎಚ್ಚರಿಸುತ್ತಿದ್ದರು. 2.0 ಬಂದ ಮೇಲೆ ಆ ಅಳುಕು ಕಡಿಮೆಯಾಗಿದೆ.

ಇನ್ನು ಮಷಿನ್. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ತುಂಬಾ ಕಡಿಮೆ ಕರೆಂಟ್ ತಿನ್ನುತ್ತದೆ, ಆದರೆ ಮುಖ ಗುರುತಿಸುವ ಕೆಲಸ ಅದರಲ್ಲಿ ತೆವಳುತ್ತದೆ. ಮೇಲಾಗಿ ಎಸ್‌ಡಿ ಕಾರ್ಡ್ ಮೇಲೆ ಡೇಟಾಬೇಸ್ ಇಡಬಾರದು. ಮೂಲೆಯಲ್ಲಿ ಬಿದ್ದ ಹಳೆ ಡೆಸ್ಕ್‌ಟಾಪ್ 50 ವ್ಯಾಟ್ ಎಳೆದರೆ ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿಯಲ್ಲಿ ಉಚಿತ ಯೂನಿಟ್ಟು ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿರುವುದರಿಂದ ಈ ಹೆಚ್ಚುವರಿ ನೇರ ಬಿಲ್ಲಿಗೇ ಬಂದೀತು. ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ 10 ವ್ಯಾಟ್ ಆಸುಪಾಸಿನಲ್ಲಿದ್ದರೆ 7 ಯೂನಿಟ್ ಚಿಲ್ಲರೆ. ನಾನು ಅದನ್ನೇ ಆರಿಸಿದೆ. ಇನ್ವರ್ಟರ್ ಅನ್ನು ಯುಪಿಎಸ್ ಮೋಡ್‌ನಲ್ಲಿಡಿ, ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣ ಮಷಿನ್ ರೀಸ್ಟಾರ್ಟ್ ಆಗಬಹುದು. ಮೇ ತಿಂಗಳ ನಮ್ಮ ಬಿಸಿಲಿಗೆ ಅದನ್ನು ಅಟ್ಟದ ಮೇಲೆ, ಮುಚ್ಚಿದ ಕಪಾಟಿನಲ್ಲಿ ಇಡಲೇಬೇಡಿ.

ಬ್ಯಾಕಪ್ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಜಾಸ್ತಿ. ಇಮ್ಮಿಚ್ ದಿನಾ ರಾತ್ರಿ ನಕಲು ತೆಗೆಯುವುದು ಡೇಟಾಬೇಸಿನದು ಮಾತ್ರ, ಫೋಟೋಗಳದ್ದಲ್ಲ. ಆ ನಕಲು ಕೂಡ ಫೋಟೋಗಳಿರುವ ಫೋಲ್ಡರಿನೊಳಗೇ ಇರುತ್ತದೆ. ಹಾಗಾಗಿ ಇಡೀ ಫೋಲ್ಡರನ್ನೇ ಹೊರಗಿನ ಡಿಸ್ಕ್‌ಗೆ ಹಾಕಬೇಕು. ಮನೆಯಲ್ಲಿರುವ ಡಿಸ್ಕ್‌ಗೆ ನಾನು ಫೈಲುಗಳನ್ನು ಇದ್ದ ಹಾಗೇ ನಕಲು ಮಾಡುವ ಆರ್‌ಸಿಂಕ್ ಬಳಸುತ್ತೇನೆ, ಯಾವ ಲ್ಯಾಪ್‌ಟಾಪ್‌ಗೆ ಚುಚ್ಚಿದರೂ ಫೋಟೋ ತೆರೆಯುತ್ತದೆ. ಬೀದರ್‌ನ ಅಕ್ಕನ ಮನೆಗೆ ಹೋಗುವ ಡಿಸ್ಕ್‌ಗೆ ರೆಸ್ಟಿಕ್, ಅಂದರೆ ಗೂಢಲಿಪಿಯಲ್ಲಿ ಬ್ಯಾಕಪ್ ಇಡುವ ತಂತ್ರಾಂಶ. ದಾರಿಯಲ್ಲಿ ಕಳೆದರೂ ಪಾಸ್‌ವರ್ಡ್ ಇಲ್ಲದೆ ಯಾರೂ ನೋಡಲಾರರು, ಹಳೆಯ ತಿಂಗಳ ಸ್ಥಿತಿಗೂ ಹಿಂದಿರುಗಬಹುದು. ಆ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆ ಇಟ್ಟಿದ್ದೇನೆ. ಇಮ್ಮಿಚ್‌ನಲ್ಲಿ ಸ್ಟೋರೇಜ್ ಟೆಂಪ್ಲೇಟ್ ಅನ್ನು ಮೊದಲ ದಿನವೇ ಆನ್ ಮಾಡಿ. ಆಗ ಫೈಲುಗಳು ವರ್ಷ, ದಿನಾಂಕದ ಫೋಲ್ಡರುಗಳಲ್ಲಿ ಕೂರುತ್ತವೆ, ಇಮ್ಮಿಚ್ ಇಲ್ಲದೆಯೂ ಹುಡುಕಬಹುದು.