ಶಾಪಿಂಗ್ ತಾಣಗಳ ‘ಸ್ಪಾನ್ಸರ್ಡ್’ ಜಾಹೀರಾತು ಸೇವೆ: ಯಾರಿಗೆ ಗಿಟ್ಟುತ್ತದೆ?

ಶಾಪಿಂಗ್ ತಾಣದಲ್ಲಿ ಏನೇ ಹುಡುಕಿದರೂ ಮೊದಲ ಸಾಲಿನಲ್ಲಿ ಕೂತಿರುವುದು ಹೆಚ್ಚಾಗಿ ದುಡ್ಡು ಕಟ್ಟಿದ ಸರಕು. ಪಕ್ಕದಲ್ಲಿ ‘ಸ್ಪಾನ್ಸರ್ಡ್’ ಎಂಬ ಮಾಸಲು ಬಣ್ಣದ ಸಣ್ಣಕ್ಷರ. ಆ ಜಾಗ ಹರಾಜಿನಲ್ಲಿ ಸಿಕ್ಕಿದ್ದು. ಗ್ರಾಹಕ ಒತ್ತಿದೊಡನೆ ಮಾರಾಟಗಾರನ ಹಣ ಕಳೆಯುತ್ತದೆ, ಅವನು ಕೊಂಡರೂ ಬಿಟ್ಟರೂ. ಅಮೆಜಾನ್ 2023ರಲ್ಲಿ ಜಾಹೀರಾತು ಸೇವೆಯಿಂದಲೇ ಸುಮಾರು 4,690 ಕೋಟಿ ಡಾಲರ್ ವರಮಾನ ಪಡೆಯಿತು. ತಾಣಕ್ಕಂತೂ ನಷ್ಟವಿಲ್ಲದ ವ್ಯಾಪಾರ.

ಸಣ್ಣ ಮಾರಾಟಗಾರನ ಲೆಕ್ಕವೇ ಬೇರೆ. ಬೆಲೆ 100 ಎಂದಿಟ್ಟುಕೊಳ್ಳಿ. ಅಸಲು 50, ಕಮಿಷನ್ 15, ಪ್ಯಾಕಿಂಗ್ ಮತ್ತು ಸಾಗಣೆ 12, ರಿಟರ್ನ್ ನಷ್ಟ 5 ಕಳೆದರೆ ಉಳಿಯುವುದು 18. ಹತ್ತು ಕ್ಲಿಕ್‌ಗೆ ಒಂದು ಆರ್ಡರ್ ಬರುವುದಾದರೆ ಕ್ಲಿಕ್ಕಿಗೆ 1.80 ದಾಟಬಾರದು. 2 ಕೊಟ್ಟಿರೋ, ಆರ್ಡರ್ ಹೆಚ್ಚಿದಷ್ಟೂ ಕೈ ಕಚ್ಚುತ್ತದೆ. ಡ್ಯಾಶ್‌ಬೋರ್ಡ್ ಮಾತ್ರ 20 ಖರ್ಚಿಗೆ 100 ವ್ಯಾಪಾರ, ಐದು ಪಟ್ಟು ಎಂದು ತೋರಿಸುತ್ತಿರುತ್ತದೆ. ಅದನ್ನು ಲಾಭವೆಂದು ತಿಳಿದು ಬಜೆಟ್ ಏರಿಸಿ ಕೈಸುಟ್ಟುಕೊಳ್ಳುವವರೇ ಹೆಚ್ಚು.

ಈ ಸೇವೆಯಲ್ಲಿ ನಿಜಕ್ಕೂ ಬೆಲೆಬಾಳುವುದು ಸರ್ಚ್ ಟರ್ಮ್ ರಿಪೋರ್ಟ್. ಜನ ಏನೆಂದು ಟೈಪ್ ಮಾಡಿ ಬಂದರು ಎಂಬುದು ಅದರಲ್ಲಿ ಸಾಲುಸಾಲಾಗಿ ಸಿಗುತ್ತದೆ. ಸ್ಟೀಲ್ ಬಾಟಲಿ ಮಾರುವವರು ತೆರೆದು ನೋಡಿದರೆ ‘ಬಾಟಲಿ ಮುಚ್ಚಳ’, ‘ಬಾಟಲಿ ತೊಳೆಯುವ ಬ್ರಷ್’ ಹುಡುಕಿದವರ ಕ್ಲಿಕ್‌ಗೂ ಹಣ ಹೋಗಿರುತ್ತದೆ. ಮೊದಲು ಕಡಿಮೆ ಬಜೆಟ್‌ನಲ್ಲಿ ಎರಡು ವಾರ ಆಟೋ ಕ್ಯಾಂಪೇನ್ (ಯಾವ ಹುಡುಕಾಟಕ್ಕೆ ಜಾಹೀರಾತು ತೋರಿಸಬೇಕೆಂದು ತಾಣವೇ ಆರಿಸುವ ಬಗೆ) ಓಡಿಸಿ. ಸಂಬಂಧವಿಲ್ಲದ ಪದಗಳನ್ನು ನೆಗೆಟಿವ್ ಪಟ್ಟಿಗೆ (ಜಾಹೀರಾತು ತೋರಿಸಬಾರದ ಪದಗಳ ಪಟ್ಟಿ) ಹಾಕಿ, ಆರ್ಡರ್ ತಂದ ಪದಗಳನ್ನು ಅದೇ ಪದ ಹುಡುಕಿದವರಿಗಷ್ಟೇ ಜಾಹೀರಾತು ತೋರಿಸುವ ಎಕ್ಸಾಕ್ಟ್ ಮ್ಯಾಚ್‌ಗೆ ತನ್ನಿ. ಕ್ಲಿಕ್ ಬಂದೂ ಆರ್ಡರ್ ಬರದಿದ್ದರೆ ಬಿಡ್ (ಹರಾಜಿನಲ್ಲಿ ಕ್ಲಿಕ್ಕಿಗೆ ನೀವು ಕೂಗುವ ದರ) ಏರಿಸಬೇಡಿ; ಫೋಟೋ, ಅಳತೆ, ಡೆಲಿವರಿ ದಿನ ನೋಡಿ. ದೋಷ ಬಹುಪಾಲು ಅಲ್ಲೇ ಇರುತ್ತದೆ.

ಸ್ವಂತ ಬ್ರ್ಯಾಂಡ್ ಹೆಸರಿಗೆ ಬಿಡ್ ಹಾಕುವ ಮುನ್ನ ಎರಡು ಸಲ ಯೋಚಿಸಿ. 2012ರಲ್ಲಿ ಈಬೇ ಎಂಬ ಶಾಪಿಂಗ್ ತಾಣ ಗೂಗಲ್‌ನಂಥ ಸರ್ಚ್ ತಾಣಗಳಲ್ಲಿ ತನ್ನ ಹೆಸರಿನ ಜಾಹೀರಾತು ನಿಲ್ಲಿಸಿ ಪರೀಕ್ಷಿಸಿದಾಗ, ಹೆಚ್ಚುಕಡಿಮೆ ಎಲ್ಲರೂ ಕೆಳಗಿದ್ದ ಉಚಿತ ಲಿಂಕ್ ಒತ್ತಿ ಬಂದರು. ಆದರೆ ಒಂದೂ ರಿವ್ಯೂ ಇಲ್ಲದ ಹೊಸ ಸರಕಿಗೆ ಜಾಹೀರಾತು ಬೇಕೇಬೇಕು. ಇಲ್ಲದಿದ್ದರೆ ಅದು ಹತ್ತನೇ ಪುಟದಲ್ಲಿ ಕೊಳೆಯುತ್ತದೆ.

ಕೊಳ್ಳುವವರಿಗೆ? ಅಪರೂಪಕ್ಕೆ ಒಳ್ಳೆಯ ಹೊಸ ವಸ್ತು ಕಣ್ಣಿಗೆ ಬೀಳುತ್ತದೆ, ಅಷ್ಟೇ. ಕ್ಲಿಕ್ಕಿನ ಖರ್ಚನ್ನು ಅನೇಕರು ಬೆಲೆಗೇ ಸೇರಿಸಿರುತ್ತಾರೆ. ಮೊದಲ ಸಾಲು ದಾಟಿ ಕೆಳಗಿಳಿಯಿರಿ, ಮೂರು ಸ್ಟಾರ್ ರಿವ್ಯೂಗಳನ್ನು ಓದಿ, ಆಮೇಲೆ ಕಾರ್ಟ್‌ಗೆ ಹಾಕಿ.